ನೆಲೆಗೆ ಪ್ರತಿನೆಲೆಯೇ ಉತ್ತರವೇ?

2025ರ ಎಪ್ರಿಲ್ 5ರಂದು ಏಷ್ಯಾದ ಎರಡು ಬಂದರುಗಳಲ್ಲಿ ಎರಡು ಸಮಾರಂಭಗಳು ನಡೆದವು. ಕಾಂಬೋಡಿಯಾದ ರೀಮ್ ನೌಕಾನೆಲೆಯಲ್ಲಿ ಚೀನಾದ ನೆರವಿನಿಂದ ಸಜ್ಜುಗೊಂಡ ಜಂಟಿ ಬೆಂಬಲ ಮತ್ತು ತರಬೇತಿ ಕೇಂದ್ರ ಉದ್ಘಾಟನೆಗೊಂಡಿತು. ಅದೇ ದಿನ ನಮ್ಮ ಉತ್ತರ ಕನ್ನಡದ ಕಾರವಾರದಿಂದ ಐಎನ್‌ಎಸ್ ಸುನಯನಾ ಎಂಬ ಹಡಗು ಆಫ್ರಿಕಾದ ಕಡೆಗೆ ಹೊರಟಿತು. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅದಕ್ಕೆ ನಿಶಾನೆ ತೋರಿದರು. ಆ ಹಡಗಿನಲ್ಲಿ ಭಾರತೀಯ ನಾವಿಕರ ಜೊತೆ ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ದೀವ್ಸ್, ಮಾರಿಷಸ್, ಮೊಜಾಂಬಿಕ್, ಸೆಶೆಲ್ಸ್, ಶ್ರೀಲಂಕಾ ಮತ್ತು ತಾಂಜಾನಿಯಾ ದೇಶಗಳ 44 ಮಂದಿ ಇದ್ದರು. ಒಂದೇ ಹಡಗಿನಲ್ಲಿ ಕೆಲಸ ಮಾಡುತ್ತಾ, ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾ ಅವರು ದಾರುಸ್ಸಲಾಮ್‌ನಿಂದ ಮಾಲೆಯವರೆಗೆ ಸಾಗಿ ಬಂದರು.

ಒಂದು ಪ್ರಬಲ ರಾಷ್ಟ್ರ ಪರದೇಶದ ದಡದಲ್ಲಿ ನೆಲೆಯೂರುತ್ತಿರುವಾಗ ಅದರ ಎದುರಾಳಿ ಏನು ಮಾಡಬೇಕು? ಪಕ್ಕದಲ್ಲೇ ತಾನೂ ಒಂದು ನೆಲೆ ಕಟ್ಟಬೇಕೇ? ಅಥವಾ ಆ ದಡದ ಜನರ ವಿಶ್ವಾಸವನ್ನು ಗಳಿಸಬೇಕೇ? ಇದು ಸೇನಾಧಿಕಾರಿಗಳಷ್ಟೇ ಚರ್ಚಿಸಬೇಕಾದ ಪ್ರಶ್ನೆಯೆಂದು ನಾವು ಸುಮ್ಮನಿರುವಂತಿಲ್ಲ. ಭಟ್ಕಳದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯನ್ನು ನಂಬಿ ಬದುಕುವ ಮನೆಗಳು ಅಸಂಖ್ಯ. ಅರಬ್ಬೀ ಸಮುದ್ರ ಶಾಂತವಾಗಿದ್ದರೆ ಆ ಮನೆಗಳಿಗೆ ನೆಮ್ಮದಿ. ಅದು ಪ್ರಬಲರ ಅಖಾಡವಾದರೆ ಅವುಗಳಿಗೆ ಆತಂಕ.

ಮೊದಲು ವಾಸ್ತವವನ್ನು ಒಪ್ಪಿಕೊಳ್ಳೋಣ. ಚೀನಾದ ನೆಲೆಗಳ ಬಗೆಗಿನ ಕಳವಳ ಕಲ್ಪಿತವಲ್ಲ. 2008ರ ಕೊನೆಯಲ್ಲಿ ಸೋಮಾಲಿಯಾದ ಕಡಲ್ಗಳ್ಳರನ್ನು ಎದುರಿಸುವ ಉದ್ದೇಶದಿಂದ ಚೀನಾದ ಯುದ್ಧನೌಕೆಗಳು ಏಡನ್ ಕೊಲ್ಲಿಯತ್ತ ಹೊರಟವು. ಅವು ಮತ್ತೆ ಸಂಪೂರ್ಣವಾಗಿ ಮರಳಲಿಲ್ಲ. 2017ರ ಆಗಸ್ಟ್ 1ರಂದು ಜಿಬೂಟಿಯಲ್ಲಿ ಚೀನಾ ತನ್ನ ಮೊತ್ತಮೊದಲ ಸಾಗರೋತ್ತರ ಸೇನಾನೆಲೆಯನ್ನು ತೆರೆಯಿತು. ಅದನ್ನು ಅದು ಕರೆದದ್ದು 'ಪೂರೈಕೆ ಕೇಂದ್ರ' ಎಂದು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಯ ಮೇಲೆ ಚೀನಾದ ಕಂಪೆನಿಯ ಕೈಸೇರಿತು. ಪಾಕಿಸ್ತಾನದ ಗ್ವಾದರ್ ಬಂದರಿನ ನಿರ್ವಹಣೆ 2013ರಿಂದಲೇ ಚೀನಾದ ಕಂಪೆನಿಯ ಬಳಿಯಿದೆ. ಬಂದರುಗಳೆಲ್ಲ ಸೇನಾನೆಲೆಗಳಲ್ಲ ಎಂಬುದು ನಿಜ. ಆದರೆ ವ್ಯಾಪಾರದ ಹಡಗು ನಿಲ್ಲುವ ದಕ್ಕೆಯಲ್ಲಿ ನಾಳೆ ಯುದ್ಧನೌಕೆಯೂ ನಿಲ್ಲಬಹುದು ಎಂಬ ಸಂಶಯಕ್ಕೆ ಆಧಾರವಿದೆ. 2014ರಲ್ಲಿ ಚೀನಾದ ಜಲಾಂತರ್ಗಾಮಿ ಕೊಲಂಬೊದಲ್ಲಿ ಲಂಗರು ಹಾಕಿತ್ತು. 2022ರ ಆಗಸ್ಟ್‌ನಲ್ಲಿ ಭಾರತದ ಆಕ್ಷೇಪದ ನಡುವೆಯೂ ಯುವಾನ್ ವಾಂಗ್-5 ಎಂಬ ಹಡಗು ಹಂಬನ್‌ತೋಟಕ್ಕೆ ಬಂದು ನಿಂತಿತು.

ಜಿಬೂಟಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಕೆಂಪು ಸಮುದ್ರದ ಹೆಬ್ಬಾಗಿಲಾದ ಬಾಬುಲ್ ಮಂದಬ್ ಜಲಸಂಧಿಯ ದಡದಲ್ಲಿರುವ, ಹತ್ತು ಲಕ್ಷದಷ್ಟು ಜನಸಂಖ್ಯೆಯ ಈ ಮುಸ್ಲಿಂ ದೇಶದಲ್ಲಿ ಚೀನಾ ಮಾತ್ರವಲ್ಲ, ಅಮೆರಿಕ, ಫ್ರಾನ್ಸ್, ಜಪಾನ್ ಮತ್ತು ಇಟಲಿಯ ಸೇನೆಗಳೂ ಇವೆ. ಅಮೆರಿಕದ ಲೆಮೊನಿಯೆ ಶಿಬಿರದಲ್ಲಿ ಸುಮಾರು ನಾಲ್ಕು ಸಾವಿರ ಸಿಬ್ಬಂದಿಯಿದ್ದಾರೆ. ಚೀನಾದ ನೆಲೆ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ. ತಮ್ಮ ತಮ್ಮ ರಾಜಧಾನಿಗಳಲ್ಲಿ ಪರಸ್ಪರರ ವಿರುದ್ಧ ಕತ್ತಿ ಮಸೆಯುವವರು ಇಲ್ಲಿ ಒಂದೇ ಒಡೆಯನಿಗೆ ಬಾಡಿಗೆ ಕಟ್ಟುತ್ತಾರೆ! ಅಮೆರಿಕ ಅಲ್ಲಿ ಮೊದಲೇ ಇತ್ತು. ಅದರ ನೆಲೆ ಚೀನಾವನ್ನು ತಡೆಯಿತೇ? ಇಲ್ಲ. ನೆಲವನ್ನು ಬಾಡಿಗೆಗೆ ಕೊಡಬಹುದು, ಅದರಿಂದ ಖಜಾನೆ ತುಂಬಿಸಿಕೊಳ್ಳಬಹುದು ಎಂಬ ದಾರಿಯನ್ನು ಆ ದೇಶಕ್ಕೆ ತೋರಿಸಿಕೊಟ್ಟದ್ದೇ ಮೊದಲು ಬಂದವರು. ಒಂದು ನೆಲೆ ಇನ್ನೊಂದನ್ನು ತಡೆಯುತ್ತದೆ ಎಂಬ ನಂಬಿಕೆಯನ್ನು ಜಿಬೂಟಿಯ ಅನುಭವ ಸುಳ್ಳಾಗಿಸಿದೆ.

ಹೀಗಿದ್ದರೂ ಸರಕಾರಗಳು ಮೊದಲು ಹಿಡಿಯುವುದು ಅದೇ ದಾರಿಯನ್ನು. ಕಳೆದ ದಶಕದಲ್ಲಿ ಭಾರತ ಕೈಗೊಂಡ ಕ್ರಮಗಳನ್ನು ಗಮನಿಸಿ. 2016ರಲ್ಲಿ ಅಮೆರಿಕದೊಂದಿಗೆ ಪರಸ್ಪರರ ನೆಲೆಗಳಲ್ಲಿ ಇಂಧನ ಮತ್ತು ಸಾಮಗ್ರಿ ಪಡೆಯುವ ಒಪ್ಪಂದವಾಯಿತು. 2018ರಲ್ಲಿ ಒಮಾನ್‌ನ ದುಕ್ಮ್ ಬಂದರನ್ನು ನಮ್ಮ ನೌಕೆಗಳು ಬಳಸಲು ಅವಕಾಶ ದೊರೆಯಿತು. 2024ರ ಫೆಬ್ರವರಿ 29ರಂದು ಮಾರಿಷಸ್‌ಗೆ ಸೇರಿದ ಅಗಲೇಗದಲ್ಲಿ ಭಾರತ ಕಟ್ಟಿಕೊಟ್ಟ ವಿಮಾನ ಓಡುದಾರಿ ಮತ್ತು ದಕ್ಕೆ ಉದ್ಘಾಟನೆಯಾದವು. ಮರು ವಾರವೇ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಐಎನ್‌ಎಸ್ ಜಟಾಯು ನೌಕಾನೆಲೆ ಕಾರ್ಯಾರಂಭ ಮಾಡಿತು. ಇವುಗಳಲ್ಲಿ ಅಗತ್ಯವಾದವು ಇಲ್ಲವೆಂದು ಯಾರೂ ಹೇಳಲಾರರು. ತನ್ನ ಕಡಲನ್ನು ಕಾಯುವುದು ಯಾವುದೇ ದೇಶದ ಹೊಣೆ. ಆದರೆ ಪರರ ನೆಲದಲ್ಲಿ ಕಾಲೂರುವಾಗ ಅನುಸರಿಸುವ ರೀತಿ ಯಾವುದು ಎಂಬುದೇ ಮುಖ್ಯ ಪ್ರಶ್ನೆ. ಈ ಪ್ರಶ್ನೆಯನ್ನು ಕಡೆಗಣಿಸಿದ್ದಕ್ಕೆ ಭಾರತ ಎರಡು ಬಾರಿ ಬೆಲೆ ತೆತ್ತಿದೆ.

ಮೊದಲನೆಯದು ಸೆಶೆಲ್ಸ್‌ನ ಅಸಂಪ್ಷನ್ ದ್ವೀಪದ ಪ್ರಕರಣ. ದೈತ್ಯ ಆಮೆಗಳಿಗೆ ಹೆಸರಾದ, ವಿಶ್ವ ಪರಂಪರೆಯ ತಾಣವಾದ ಅಲ್ಡಾಬ್ರಾ ಹವಳದ್ವೀಪದ ನೆರೆಯಲ್ಲಿ ಅದು ಇದೆ. ಅಲ್ಲಿ ಓಡುದಾರಿ ಮತ್ತು ದಕ್ಕೆ ನಿರ್ಮಿಸಲು 2015ರಲ್ಲಿ ಮಾತುಕತೆಯಾಗಿ, 2018ರ ಜನವರಿಯಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಹಿ ಬಿತ್ತು. ಒಪ್ಪಂದದ ಒಕ್ಕಣೆ ಮಾತ್ರ ಜನರ ಮುಂದಿರಲಿಲ್ಲ. ಕೆಲವೇ ವಾರಗಳಲ್ಲಿ ಅದು ಅಂತರ್ಜಾಲದಲ್ಲಿ ಸೋರಿಕೆಯಾಯಿತು. ತಮ್ಮ ನೆಲದ ಬಗ್ಗೆ ತಮಗೇ ಗೊತ್ತಿಲ್ಲದೆ ನಿರ್ಣಯವಾಗಿದೆ ಎಂದು ತಿಳಿದಾಗ ಜನರಿಗೆ ಏನನಿಸೀತು? ರಾಜಧಾನಿ ವಿಕ್ಟೋರಿಯಾದ ಬೀದಿಯಲ್ಲಿ ಪ್ರತಿಭಟನೆಗಳು ನಡೆದವು. ವಿರೋಧ ಪಕ್ಷದ ಬಹುಮತವಿದ್ದ ಸಂಸತ್ತು ಅನುಮೋದನೆ ನೀಡಲು ಸಿದ್ಧವಿರಲಿಲ್ಲ. ಕೊನೆಗೆ ಅಧ್ಯಕ್ಷ ಡ್ಯಾನಿ ಫೋರ್ ಅವರೇ ಯೋಜನೆ ಮುಂದುವರಿಯದು ಎಂದು ಹೇಳಬೇಕಾಯಿತು. ಆ ಒಪ್ಪಂದವನ್ನು ಕೆಡವಲು ಚೀನಾ ಶ್ರಮಪಡಬೇಕಾದ ಅಗತ್ಯವೇ ಇರಲಿಲ್ಲ. ಗೋಪ್ಯತೆಯೇ ಅದನ್ನು ಕೆಡವಿತು.

ಎರಡನೆಯದು ಮಾಲ್ದೀವ್ಸ್. ಈ ದೇಶಕ್ಕೆ ಭಾರತ ಮಾಡಿದ ಉಪಕಾರಗಳು ಕಡಿಮೆಯೇನಲ್ಲ. 1988ರ ನವೆಂಬರ್‌ನಲ್ಲಿ ಬಾಡಿಗೆ ಬಂಟರು ಅಲ್ಲಿನ ಸರಕಾರವನ್ನು ಉರುಳಿಸಲು ಯತ್ನಿಸಿದಾಗ ಭಾರತದ ಸೈನಿಕರು ಹೋಗಿ ತಡೆದರು. ಕೆಲಸ ಮುಗಿದ ಮೇಲೆ ಮರಳಿದರು. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು ನಗರವಿಡೀ ಬಾಯಾರಿದಾಗ ವಿಮಾನಗಳಲ್ಲಿ, ಹಡಗುಗಳಲ್ಲಿ ಕುಡಿಯುವ ನೀರು ಕಳಿಸಿದ್ದೂ ಭಾರತವೇ. ಅಲ್ಲಿದ್ದ ಭಾರತೀಯ ಸೈನಿಕರ ಸಂಖ್ಯೆ ನೂರನ್ನೂ ಮೀರಿರಲಿಲ್ಲ. ಎರಡು ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನವನ್ನು ನಡೆಸುತ್ತಾ ದೂರದ ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ತಲುಪಿಸುವುದು ಅವರ ಕೆಲಸಗಳಲ್ಲೊಂದಾಗಿತ್ತು.

ಇಷ್ಟಾಗಿಯೂ 'ಇಂಡಿಯಾ ಔಟ್' ಎಂಬ ಘೋಷಣೆ ಅಲ್ಲಿ ಹೇಗೆ ಬೇರೂರಿತು? ರಾಜಕಾರಣಿಗಳ ಸ್ವಾರ್ಥ ಅದಕ್ಕೆ ಗಾಳಿ ಊದಿದ್ದು ನಿಜ. ಆದರೆ ಉರಿಯಲು ಕಟ್ಟಿಗೆಯೂ ಬೇಕಲ್ಲವೇ? 2021ರಲ್ಲಿ ಉತುರು ತಿಲಫಲ್ಹುವಿನಲ್ಲಿ ಕರಾವಳಿ ಕಾವಲು ಪಡೆಯ ಬಂದರು ನಿರ್ಮಿಸುವ ಒಪ್ಪಂದವಾದಾಗ ಅದರ ಪೂರ್ಣ ವಿವರಗಳನ್ನು ಜನರಿಗೆ ತಿಳಿಸಲಿಲ್ಲ. ಅಡಗಿಸಿಟ್ಟದ್ದರ ಬಗ್ಗೆ ಜನರು ಕೆಟ್ಟದ್ದನ್ನೇ ಊಹಿಸುತ್ತಾರೆ. 2023ರಲ್ಲಿ ಮುಹಮ್ಮದ್ ಮುಯಿಝ್ಝು ಅದೇ ಅಸಮಾಧಾನದ ಅಲೆಯಲ್ಲಿ ಅಧ್ಯಕ್ಷರಾದರು. 2024ರ ಮೇ ತಿಂಗಳಲ್ಲಿ ಭಾರತದ ಸೈನಿಕರು ಹಿಂದಿರುಗಿ, ಅವರ ಸ್ಥಾನದಲ್ಲಿ ನಾಗರಿಕ ತಂತ್ರಜ್ಞರು ನಿಂತರು.

ಅನಂತರ ನಡೆದದ್ದು ಇನ್ನೂ ಹೆಚ್ಚು ಪಾಠ ಕಲಿಸುವಂಥದ್ದು. ನಮ್ಮ ಟಿ.ವಿ. ಚರ್ಚೆಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಮಾಲ್ದೀವ್ಸ್‌ನ ಜನರನ್ನೂ ಅವರ ಧರ್ಮವನ್ನೂ ಹೀಯಾಳಿಸಲಾಯಿತು, ಪ್ರವಾಸ ಬಹಿಷ್ಕಾರದ ಕರೆಗಳು ಮೊಳಗಿದವು. ಅದರಿಂದ ಒಂದು ಅಂಗುಲ ಲಾಭವೂ ಆಗಲಿಲ್ಲ. ಸರಕಾರ ಮಾತ್ರ, ಇದು ಮೆಚ್ಚಬೇಕಾದ ಸಂಗತಿ, ತಾಳ್ಮೆ ಕಳೆದುಕೊಳ್ಳಲಿಲ್ಲ. ಸೈನಿಕರನ್ನು ಕರೆಸಿಕೊಳ್ಳುವ ಬೇಡಿಕೆಯನ್ನು ಒಪ್ಪಿತು. ಮಾಲ್ದೀವ್ಸ್ ವಿದೇಶಿ ವಿನಿಮಯದ ಇಕ್ಕಟ್ಟಿಗೆ ಸಿಲುಕಿದಾಗ 2024ರ ಅಕ್ಟೋಬರ್‌ನಲ್ಲಿ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯದ ನೆರವು ಒದಗಿಸಿತು. 2025ರ ಜುಲೈಯಲ್ಲಿ ಮಾಲ್ದೀವ್ಸ್‌ನ 60ನೇ ಸ್ವಾತಂತ್ರ್ಯ ದಿನಕ್ಕೆ ಅದೇ ಮುಯಿಝ್ಝು ಅವರ ಅತಿಥಿಯಾಗಿ ಹೋದವರು ಭಾರತದ ಪ್ರಧಾನಿ. ಸಮವಸ್ತ್ರ ಉಳಿಸಿಕೊಳ್ಳಲಾಗದ ಸಂಬಂಧವನ್ನು ಸಂಯಮ ಮರಳಿ ತಂದುಕೊಟ್ಟಿತು.

ಶ್ರೀಲಂಕಾದಲ್ಲೂ ಹೀಗೆಯೇ ಆಯಿತು. 2022ರಲ್ಲಿ ಅಲ್ಲಿ ಇಂಧನಕ್ಕೂ ಔಷಧಕ್ಕೂ ಹಾಹಾಕಾರವೆದ್ದಾಗ ಭಾರತ ಸುಮಾರು 400 ಕೋಟಿ ಡಾಲರ್‌ಗಳ ನೆರವು ನೀಡಿತು. ಯುವಾನ್ ವಾಂಗ್ ಬಂದಾಗ ಆಕ್ಷೇಪವೊಂದರಿಂದಲೇ ಆಗದ ಕೆಲಸ ಕ್ರಮೇಣ ಸಾಧ್ಯವಾಯಿತು: ವಿದೇಶಿ ಸಂಶೋಧನಾ ಹಡಗುಗಳಿಗೆ ಶ್ರೀಲಂಕಾ 2024ರ ಆರಂಭದಿಂದ ಒಂದು ವರ್ಷ ತಡೆ ವಿಧಿಸಿತು.

ಸಣ್ಣ ದೇಶಗಳನ್ನು ಯಾರು ಬೇಕಾದರೂ ಖರೀದಿಸಬಹುದು ಎಂಬ ತಾತ್ಸಾರ ದೊಡ್ಡ ದೇಶಗಳಲ್ಲಿದೆ. ಇತಿಹಾಸ ಬೇರೆಯೇ ಹೇಳುತ್ತದೆ. ಮಾಲ್ದೀವ್ಸ್‌ನ ದಕ್ಷಿಣ ತುದಿಯ ಗನ್ ದ್ವೀಪದಲ್ಲಿ ಬ್ರಿಟಿಷರ ವಾಯುನೆಲೆಯಿತ್ತು. ಅದಕ್ಕಾಗಿ ಆ ದ್ವೀಪದ ನಿವಾಸಿಗಳನ್ನು ಪಕ್ಕದ ದ್ವೀಪಗಳಿಗೆ ಸಾಗಿಸಲಾಗಿತ್ತು. 1976ರಲ್ಲಿ ಬ್ರಿಟಿಷರು ತೆರಳಿದ ಮರುವರ್ಷ ಸೋವಿಯತ್ ಒಕ್ಕೂಟ ಅದನ್ನು ಗುತ್ತಿಗೆಗೆ ಕೇಳಿತು. ಮಾಲ್ದೀವ್ಸ್ ಬಡದೇಶವಾಗಿತ್ತು; ಹಣದ ಅಗತ್ಯವೂ ಇತ್ತು. ಆದರೂ ಅದು ನಿರಾಕರಿಸಿತು. ಎದುರಾಳಿಯ ನೆಲೆಗೆ ಇದಕ್ಕಿಂತ ದೊಡ್ಡ ತಡೆ ಯಾವುದು? ಸ್ವಾಭಿಮಾನದಿಂದ 'ಇಲ್ಲ' ಎನ್ನಬಲ್ಲ ನೆರೆರಾಷ್ಟ್ರವೇ ಭಾರತಕ್ಕೆ ಅತ್ಯಂತ ಅಗ್ಗದ, ಅತ್ಯಂತ ಗಟ್ಟಿಯಾದ ಕೋಟೆ. ಅಂಥ ನೆರೆಯವನ ಬೆನ್ನೆಲುಬನ್ನು ಮುರಿಯುವ ನೀತಿ ನಮ್ಮ ಕೋಟೆಯನ್ನು ನಾವೇ ಕೆಡವಿದಂತೆ.

ಇದಕ್ಕೆ ವಿರುದ್ಧವಾದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಚಾಗೋಸ್ ದ್ವೀಪಸಮೂಹ ಸಾಕ್ಷಿ. ಸೋವಿಯತ್ ಒಕ್ಕೂಟವನ್ನು ಎದುರಿಸುವ ಹೆಸರಿನಲ್ಲಿ ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕಕ್ಕೆ ನೆಲೆ ಬೇಕಾಯಿತು. ಬ್ರಿಟನ್ 1965ರಲ್ಲಿ ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿತು. 1968ರಿಂದ 1973ರ ನಡುವೆ ಅಲ್ಲಿನ ಸುಮಾರು ಎರಡು ಸಾವಿರ ಜನರನ್ನು ಹೊರಹಾಕಲಾಯಿತು. ಅವರು ಸಾಕಿದ ನಾಯಿಗಳನ್ನು ಕೂಡ ಕೊಲ್ಲಲಾಯಿತು. ಸೋವಿಯತ್ ಒಕ್ಕೂಟ ಅಳಿದು ಮೂರು ದಶಕಗಳು ಕಳೆದವು. ನೆಲೆ ಉಳಿಯಿತು, ಅಲ್ಲಿಂದ ಹಾರಿದ ಬಾಂಬರ್‌ಗಳು ಅಫ್ಘಾನಿಸ್ತಾನ ಮತ್ತು ಇರಾಕ್‌ಗಳ ಮೇಲೆ ಬೆಂಕಿ ಸುರಿದವು. ಒಬ್ಬ ಎದುರಾಳಿಗಾಗಿ ಕಟ್ಟಿದ ನೆಲೆ ಆತ ಹೋದ ಮೇಲೆ ಹೊಸ ಎದುರಾಳಿಯನ್ನು ಹುಡುಕಿಕೊಳ್ಳುತ್ತದೆ. ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಚಾಗೋಸ್ ಮೇಲಿನ ಬ್ರಿಟಿಷ್ ಆಡಳಿತ ಅಕ್ರಮವೆಂದು ಅಭಿಪ್ರಾಯ ನೀಡಿತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತ ಮಾರಿಷಸ್‌ನ ಪರ ಮತ ಹಾಕಿತು. 2025ರ ಮೇ ತಿಂಗಳಲ್ಲಿ ಸಹಿಯಾದ ಒಪ್ಪಂದದಲ್ಲಿ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡಲು ಬ್ರಿಟನ್ ಒಪ್ಪಿತಾದರೂ, ಡಿಯಾಗೊ ಗಾರ್ಸಿಯಾವನ್ನು 99 ವರ್ಷ ತನ್ನ ಬಳಕೆಗೆ ಉಳಿಸಿಕೊಂಡಿತು. ಅಗಲೇಗದ ಮುನ್ನೂರರಷ್ಟು ನಿವಾಸಿಗಳು ಭಾರತ ಕಟ್ಟಿದ ಓಡುದಾರಿಯನ್ನು ನೋಡಿ ಹೆದರಿದ್ದು ಈ ನೆನಪಿನಿಂದಲೇ. ಆ ಹೆದರಿಕೆಯನ್ನು ಚೀನಾದ ಪ್ರಚಾರವೆಂದು ತಳ್ಳಿಹಾಕುವುದು ಅನ್ಯಾಯ.

ಚೀನಾದ ದುರ್ಬಲ ಸ್ಥಾನವೂ ಇಲ್ಲಿಯೇ ಇದೆ. ಹಂಬನ್‌ತೋಟದ ರೈತರು 2017ರ ಜನವರಿಯಲ್ಲಿ ಭೂಮಿ ಕಳೆದುಕೊಳ್ಳುವ ಭೀತಿಯಿಂದ ಬೀದಿಗಿಳಿದಿದ್ದರು. ಗ್ವಾದರ್‌ನಲ್ಲಿ 2021ರ ಕೊನೆಯಲ್ಲಿ ಮೌಲಾನಾ ಹಿದಾಯತುರ್ರಹ್ಮಾನ್ ನಾಯಕತ್ವದ 'ಹಕ್ ದೋ ತಹ್ರೀಕ್' ವಾರಗಟ್ಟಲೆ ಧರಣಿ ನಡೆಸಿತು. ಅವರು ಕೇಳಿದ್ದೇನು? ಕುಡಿಯುವ ನೀರು, ವಿದ್ಯುತ್, ಟ್ರಾಲರ್‌ಗಳ ಕಾಟವಿಲ್ಲದ ಕಡಲು, ಹೆಜ್ಜೆಹೆಜ್ಜೆಗೂ ತಪಾಸಣೆಯಿಲ್ಲದ ಬದುಕು. ಜಗತ್ತಿನ ಭೂಪಟದಲ್ಲಿ ಗ್ವಾದರ್ ಮಹತ್ವದ ಬಂದರು. ಅಲ್ಲಿನ ಬೆಸ್ತನಿಗೆ ಅದು ಬಲೆ ಬೀಸಲು ಅಪ್ಪಣೆ ಬೇಡಬೇಕಾದ ಊರು. ಸ್ಥಳೀಯರ ಅಸಮಾಧಾನದ ಮೇಲೆ ನಿಂತ ನೆಲೆ ಮರಳಿನ ಮೇಲಿನ ಮನೆ. ಚೀನಾದ ಈ ತಪ್ಪನ್ನು ಭಾರತ ತನ್ನ ಅನುಕೂಲವಾಗಿ ಮಾಡಿಕೊಳ್ಳಬೇಕಾದರೆ ಅದೇ ತಪ್ಪನ್ನು ತಾನು ಮಾಡಬಾರದು.

ಇಲ್ಲೊಂದು ಆಕ್ಷೇಪ ಬರುವುದು ಸಹಜ. 'ಇದೆಲ್ಲ ಸದ್ಭಾವನೆಯ ಮಾತು. ಯುದ್ಧನೌಕೆಯನ್ನು ಎದುರಿಸಲು ಯುದ್ಧನೌಕೆಯೇ ಬೇಕು. ಸೇನೆಯ ವಿಷಯದಲ್ಲಿ ಗೋಪ್ಯತೆ ಅನಿವಾರ್ಯ' ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2024ರ ಜನವರಿಯಲ್ಲಿ ಐಎನ್‌ಎಸ್ ಸುಮಿತ್ರಾ ಸೋಮಾಲಿ ಕಡಲ್ಗಳ್ಳರ ಕೈಯಿಂದ 19 ಮಂದಿ ಪಾಕಿಸ್ತಾನಿ ಮೀನುಗಾರರನ್ನು ಬಿಡಿಸಿದ್ದು ಬರೀ ಒಳ್ಳೆಯ ಮಾತುಗಳಿಂದಲ್ಲ. ಸನ್ನದ್ಧ ನೌಕಾಪಡೆಯ ಬಲದಿಂದ. ಆದರೆ ಎರಡು ಬಗೆಯ ಗೋಪ್ಯತೆಗಳನ್ನು ಬೆರೆಸಬಾರದು. ಹಡಗಿನ ಚಲನವಲನ, ಶಸ್ತ್ರಾಸ್ತ್ರದ ಸಾಮರ್ಥ್ಯಗಳನ್ನು ಗುಟ್ಟಾಗಿಡುವುದು ಬೇರೆ. ಒಂದು ಜನತೆಯ ನೆಲವನ್ನು ಯಾರಿಗೆ, ಎಷ್ಟು ವರ್ಷ, ಯಾವ ಷರತ್ತಿನಲ್ಲಿ ಕೊಡಲಾಗಿದೆ ಎಂಬುದನ್ನು ಆ ಜನತೆಯಿಂದಲೇ ಮರೆಮಾಚುವುದು ಬೇರೆ. ಎರಡನೆಯದು ರಕ್ಷಣೆಯಲ್ಲ, ವಂಚನೆ. ಆ ಪಾಕಿಸ್ತಾನಿ ಮೀನುಗಾರರ ರಕ್ಷಣೆ ಇನ್ನೊಂದನ್ನೂ ತೋರಿಸಿಕೊಟ್ಟಿತು: ಬಲವನ್ನು ಆಪತ್ತಿನಲ್ಲಿರುವವನ ರಾಷ್ಟ್ರೀಯತೆ ಕೇಳದೆ ಬಳಸಿದಾಗ ಅದು ಗೌರವ ಗಳಿಸುತ್ತದೆ.

ಪರರಿಗೆ ಹೇಳುವ ನ್ಯಾಯ ಮನೆಯೊಳಗೂ ಇರಬೇಕು. ಸುನಯನಾ ಹೊರಟ ಕಾರವಾರದ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಅರ್ಗಾ, ಬಿಣಗಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಮನೆ, ತೋಟ, ಕಡಲದಂಡೆಗಳನ್ನು ತೊರೆದವು. ದೇಶಕ್ಕಾಗಿ ನೆಲ ಬಿಟ್ಟುಕೊಟ್ಟವರು ನ್ಯಾಯಯುತ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿಯಬೇಕಾಯಿತು. ಉತ್ತರ ಕನ್ನಡದಲ್ಲಿ 'ಸೀಬರ್ಡ್ ನಿರಾಶ್ರಿತರು' ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ತ್ಯಾಗ ಮಾಡಿದವರಿಗೆ ಸಿಗಬೇಕಾದ ಹೆಸರು ಅದಾಗಿರಲಿಲ್ಲ.

ಈಗ ಅದೇ ಪ್ರಶ್ನೆ ಲಕ್ಷದ್ವೀಪದ ಬಿತ್ರ ದ್ವೀಪದ ಮುಂದಿದೆ. 2025ರ ಜುಲೈಯಲ್ಲಿ ಅಲ್ಲಿನ ಆಡಳಿತ, ಇಡೀ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ವಹಿಸಿಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಆದೇಶ ಹೊರಡಿಸಿತು. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 271 ಜನ. ಬಿತ್ರ ಸೇರಿದಂತೆ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ತೆಂಗಿನ ನಾರಿನ ಹುರಿ ಹೊತ್ತ ಅಲ್ಲಿನ ಹಾಯಿದೋಣಿಗಳು ಮಂಗಳೂರಿನ ದಕ್ಕೆಗೆ ಬರುತ್ತಿದ್ದವು. ಆ ಜನ ನಮಗೆ ಹೊರಗಿನವರಲ್ಲ. ರಕ್ಷಣಾ ಉದ್ದೇಶಕ್ಕೆ ಸರಕಾರವೇ ಭೂಮಿ ಪಡೆಯುವಾಗ ಮಾಲಕರ ಒಪ್ಪಿಗೆಯನ್ನು ಕಾನೂನು ಕಡ್ಡಾಯಗೊಳಿಸುವುದಿಲ್ಲ. ಆದರೆ ಕಾನೂನು ಬಿಟ್ಟದ್ದನ್ನೆಲ್ಲ ನ್ಯಾಯವೂ ಬಿಡುತ್ತದೆಯೇ? ಮಿನಿಕಾಯ್‌ನ ಜನ ಆಡುವುದು ಮಾಲ್ದೀವ್ಸ್‌ನ ಭಾಷೆಯ ಒಂದು ರೂಪವನ್ನು. ಲಕ್ಷದ್ವೀಪದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬ ಸುದ್ದಿ ಆ ಭಾಷೆಯಲ್ಲೇ ಮಾಲೆಯನ್ನು ತಲುಪುತ್ತದೆ. 271 ಜನರನ್ನು ಅವರ ನೆಲದಲ್ಲೇ ಉಳಿಸಿಕೊಂಡು ಕಾವಲಿಗೆ ಬೇಕಾದಷ್ಟು ಜಾಗ ಪಡೆಯುವುದು ನಮ್ಮಂಥ ದೇಶಕ್ಕೆ ಅಸಾಧ್ಯವೇನಲ್ಲ. ಗಡಿಯ ಮೇಲೆ ನೆಮ್ಮದಿಯಿಂದ ಬದುಕುವ ಪ್ರಜೆಯೇ ಗಡಿಯ ಮೊದಲ ಕಾವಲುಗಾರ.

ಆದ್ದರಿಂದ ಸರಕಾರದ ಕಡಲನೀತಿಯಲ್ಲಿ ಮೂರು ವಿಷಯಗಳು ಸ್ಪಷ್ಟವಾಗಬೇಕು. ಒಂದು, ಪರದೇಶದ ನೆಲಕ್ಕೆ ಸಂಬಂಧಿಸಿದ ಯಾವುದೇ ಒಪ್ಪಂದ ಆ ದೇಶದ ಸಂಸತ್ತಿನ ಮುಂದೆ ಮತ್ತು ನಮ್ಮ ಸಂಸತ್ತಿನ ಮುಂದೆ ಬರಬೇಕು. ಎರಡು, ಕಟ್ಟುವ ದಕ್ಕೆ ಮತ್ತು ಓಡುದಾರಿಗಳ ಮೊದಲ ಫಲ ಅಲ್ಲಿನ ನಿವಾಸಿಗೆ ಸಿಗಬೇಕು. ಅಗಲೇಗದ ಗರ್ಭಿಣಿಯನ್ನು ಆಸ್ಪತ್ರೆಗೆ ಸಾಗಿಸಲು ಆ ಓಡುದಾರಿ ನೆರವಾದ ದಿನ ಅದರ ರಕ್ಷಣೆಗೆ ಬೇರೆ ಪಹರೆ ಬೇಡ. ಮೂರು, 1971ರಲ್ಲಿ ಶ್ರೀಲಂಕಾದ ಪ್ರಸ್ತಾವದಂತೆ ವಿಶ್ವಸಂಸ್ಥೆ ಹಿಂದೂ ಮಹಾಸಾಗರವನ್ನು ಶಾಂತಿವಲಯವೆಂದು ಘೋಷಿಸಿದಾಗ ಭಾರತ ಅದನ್ನು ಬೆಂಬಲಿಸಿತ್ತು. ಆ ಘೋಷಣೆಗೆ ಮತ್ತೆ ಜೀವ ತುಂಬುವ ನಾಯಕತ್ವವನ್ನು ಭಾರತ ವಹಿಸಿಕೊಳ್ಳಬೇಕು. ಚೀನಾದ ನೆಲೆಯನ್ನು ಆಕ್ಷೇಪಿಸಿ ಅಮೆರಿಕದ ನೆಲೆಯ ಬಗ್ಗೆ ಮೌನ ವಹಿಸುವವರ ಮಾತಿಗೆ ಸಣ್ಣ ದೇಶಗಳು ಬೆಲೆ ಕೊಡುವುದಿಲ್ಲ.

ನಮ್ಮ ಪಾಲಿಗೂ ಒಂದು ಹೊಣೆಯಿದೆ. ನೆರೆದೇಶವನ್ನು ಹೀಯಾಳಿಸುವ ಸಂದೇಶವೊಂದು ನಮ್ಮ ಮೊಬೈಲಿಗೆ ಬಂದಾಗ ಅದನ್ನು ಮುಂದೆ ಕಳಿಸದಿರುವುದು ಸಣ್ಣ ಸಂಗತಿಯಲ್ಲ; ದೇಶದ ರಕ್ಷಣೆಗೆ ಅದೂ ಒಂದು ಕೊಡುಗೆ. ನೆರೆಯವನು ನಮ್ಮಿಂದ ನಿರ್ಭಯನಾಗಿರುವುದೇ ಒಳ್ಳೆಯ ನೆರೆತನದ ಅಳತೆಗೋಲು. ಮನೆಗೆ ಅನ್ವಯಿಸುವ ಈ ಮಾತು ದೇಶಕ್ಕೂ ಅನ್ವಯಿಸುತ್ತದೆ.

ಕಾರವಾರದಿಂದ ಹೊರಟ ಆ ಹಡಗು ಒಂದು ತಿಂಗಳ ಬಳಿಕ ಮರಳಿತು. ಅದರಲ್ಲಿದ್ದ 44 ಮಂದಿ ತಮ್ಮ ತಮ್ಮ ಊರುಗಳಿಗೆ ಹೋಗಿ ಭಾರತದ ಬಗ್ಗೆ ಏನು ಹೇಳಿಕೊಂಡಿರಬಹುದು? ಕಡಲಾಚೆಯ ಯಾವ ನೆಲೆಯೂ ಕೊಡಲಾರದ ಭದ್ರತೆ ಆ ಮಾತುಗಳಲ್ಲಿದೆ.